ದುರ್ಯೋಧನನಿಗೆ ಬೆಳಿಗ್ಗೆ ಡ್ಯೂಟಿ

ನಮ್ಮೂರಿನ ಕುರುಕ್ಷೇತ್ರ ನಾಟಕದಲ್ಲಿ ಒಂದು ವರ್ಷ ಕರ್ಣನಿಗಿಂತ ಮೊದಲೇ ದುರ್ಯೋಧನ ಸತ್ತ. ಎಂಬತ್ತರ ದಶಕದ ಮೊದಲ ವರ್ಷಗಳು. ದುರ್ಯೋಧನನ ಪಾತ್ರ ನಮ್ಮ ಚಿಕ್ಕಪ್ಪನದು. ಅವನಿಗೆ ಬೆಳಿಗ್ಗೆ ಆರು ಗಂಟೆಗೆ ರಾಜಾಜಿನಗರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಡ್ಯೂಟಿ. ರಜೆ ಕೇಳಿದ್ದ, ಸಿಕ್ಕಿರಲಿಲ್ಲ. ನಾಲ್ಕು ಗಂಟೆಗೆ ಹೊರಡುವ ತರಕಾರಿ ಲಾರಿ ತಪ್ಪಿದರೆ ಅರ್ಧ ದಿನದ ಸಂಬಳಕ್ಕೆ ಕತ್ತರಿ. ಹಾಗಾಗಿ ಗದಾಯುದ್ಧವನ್ನು ಮೂರಕ್ಕೇ ಮುಗಿಸಿ, ತೊಡೆ ಮುರಿದು ಬಿದ್ದವನನ್ನು ಪರದೆಯ ಹಿಂದಕ್ಕೆ ಎಳೆದುಕೊಂಡು ಹೋಗಿ, ಕಿರೀಟ ಭುಜಕೀರ್ತಿ ಕಳಚಿ, ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿ ಲಾರಿ ಹತ್ತಿಸಿದರು. ಆಮೇಲೆ ಕರ್ಣಾವಸಾನ ಶುರುವಾಯಿತು. ವ್ಯಾಸರು ಒಪ್ಪುತ್ತಿದ್ದರೋ ಇಲ್ಲವೋ, ಹಾರ್ಮೋನಿಯಂ ಮೇಷ್ಟ್ರು ಒಪ್ಪಿದರು. ಕರ್ಣ ಪ್ರಾಣ ಬಿಡುವ ಹೊತ್ತಿಗೆ, ಅವನಿಗಾಗಿ ಗೋಳಾಡಬೇಕಾದ ಗೆಳೆಯ ತಾವರೆಕೆರೆ ದಾಟಿದ್ದ. ನೋಡುವವರು ಯಾರೂ ತಕರಾರು ಎತ್ತಲಿಲ್ಲ. ಆ ಲಾರಿ ಹತ್ತುವವನು ಎಲ್ಲರ ಮನೆಯಲ್ಲೂ ಒಬ್ಬನಾದರೂ ಇದ್ದ.

ರಂಗಭೂಮಿ ಮತ್ತು ವಲಸೆ ಎಂದು ಈಗ ವಿಚಾರಸಂಕಿರಣಗಳು ನಡೆಯುತ್ತವೆ. ನಮ್ಮ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರದ ಸೀಮೆಯ ನಾಟಕ ತನಗೆ ಅಂಥ ಹೆಸರು ಇಟ್ಟುಕೊಂಡದ್ದೇ ಇಲ್ಲ. ಅದರಲ್ಲಿ ಬರುವವರೆಲ್ಲ ಹಸ್ತಿನಾಪುರದವರು, ಅಯೋಧ್ಯೆಯವರು. ಆದರೂ ನಲವತ್ತು ವರ್ಷಕ್ಕೂ ಮೇಲ್ಪಟ್ಟು ನೋಡಿದ ಮೇಲೆ ನನಗನ್ನಿಸುವುದು ಇಷ್ಟು: ಊರು ಬಿಟ್ಟವರು ಊರಿನ ಮೇಲಿನ ಹಕ್ಕನ್ನು ಬಿಡದೆ ಇರುವುದಕ್ಕೆ ಕಟ್ಟಿಕೊಂಡ ಏರ್ಪಾಟು ಅದು. ಬಿಟ್ಟು ಹೋದದ್ದರ ಬಗ್ಗೆ ಒಂದು ಮಾತೂ ಆಡದೆ, ಬಿಟ್ಟು ಹೋದವರ ನಾಟಕವೇ ಆಗಿಬಿಟ್ಟಿತು. ಎಲ್ಲ ಬಿಟ್ಟು ಹೋದವರದೂ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹುಡುಗನಾಗಿದ್ದಾಗ ಪಾತ್ರ ಮಾಡುವವರು ಊರಲ್ಲೇ ಇದ್ದವರು. ರಾಗಿ ಒಕ್ಕಣೆ ಮುಗಿದು, ಹುಲ್ಲು ಮೆದೆಗೆ ಏರಿದ ಮೇಲೆ ಮೇಷ್ಟ್ರನ್ನು ಕರೆತರುತ್ತಿದ್ದರು. ನಮ್ಮೂರಿಗೆ ಬರುತ್ತಿದ್ದ ಮೇಷ್ಟ್ರು ಚನ್ನಪಟ್ಟಣದ ಕಡೆಯವರು. ಹಾರ್ಮೋನಿಯಂ ಪೆಟ್ಟಿಗೆ, ಒಂದು ಟ್ರಂಕು, ಅದರೊಳಗೆ ಹರಿದು ಹರಿದು ಹೊಲಿಗೆ ಹಾಕಿಸಿದ ಡ್ರಾಮಾ ಬುಕ್ಕುಗಳು. ಎರಡು ತಿಂಗಳು ಚಾವಡಿಯಲ್ಲಿ ವಾಸ, ಸರದಿಯ ಮೇಲೆ ಮನೆಮನೆಯಲ್ಲಿ ಊಟ. ರಾತ್ರಿ ಎಂಟರ ಮೇಲೆ ತಾಲೀಮು. ಅರ್ಧಕ್ಕರ್ಧ ಜನಕ್ಕೆ ಓದು ಬರದು. ಮೇಷ್ಟ್ರು ಹೇಳಿಕೊಟ್ಟ ಕಂದ, ಸೀಸ, ಮಾತುಗಳನ್ನು ಕಿವಿಯಿಂದಲೇ ಕಲಿತು, ಮಾರನೆಯ ದಿನ ಉಳುವಾಗ ಎತ್ತುಗಳಿಗೆ ಒಪ್ಪಿಸುತ್ತಿದ್ದರು. ಒಬ್ಬ ಭೀಮ ಹದಿನೈದು ವರ್ಷ ಭೀಮನಾಗಿದ್ದವನು, ಸಾಯುವವರೆಗೂ ಒಂದು ಸಂಸ್ಕೃತ ಸಮಾಸವನ್ನು ತಪ್ಪಾಗಿಯೇ ಹೇಳಿದ. ತಿದ್ದಲು ಯಾರಿಗೂ ಧೈರ್ಯವಿರಲಿಲ್ಲ. ರಂಗ ತುಂಬುವುದಕ್ಕೆ ಮಾತ್ರ ಹೊರಗಿನಿಂದ ಬಂದ ಸರಕು: ಪರದೆ, ಡ್ರೆಸ್ಸು, ಗ್ಯಾಸ್‌ಲೈಟು. ಸ್ತ್ರೀ ಪಾತ್ರವನ್ನೂ ಮೀಸೆ ಬೋಳಿಸಿಕೊಂಡ ನಮ್ಮವರೇ ಮಾಡುತ್ತಿದ್ದರು. ಮೀಸೆ ತೆಗೆದವನಿಗೆ ಒಂದು ತಿಂಗಳು ಅಪ್ಪ ಇದ್ದಾನೋ ಇಲ್ಲವೋ ಎಂದು ದಾರಿಹೋಕರೆಲ್ಲ ಕೇಳುವ ಪಾಡು.

ಈ ನಾಟಕಗಳು ನಮ್ಮ ಹಳ್ಳಿಗಳಲ್ಲೇ ಹುಟ್ಟಿದವು ಎಂದು ಕೆಲವರು ಭಾವಿಸುತ್ತಾರೆ. ಇಲ್ಲ. ಕಂಪನಿ ನಾಟಕದ ಹಾಡು, ಮಟ್ಟು, ಸೀನುಗಳು ಜಾತ್ರೆಗಳ ಮೂಲಕ ಒಳಬಂದು ನೆಲೆ ಊರಿದವು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದಿತ್ತು. ಅದನ್ನು ಕಂಡುಬಂದ ನಮ್ಮ ಹಿರಿಯರು, ಆನೆ ಕುದುರೆ ಬಿಟ್ಟು ಮಿಕ್ಕದ್ದನ್ನೆಲ್ಲ ತಮ್ಮದು ಮಾಡಿಕೊಂಡರು. ಅಂದರೆ ನಾಟಕವೇ ಒಬ್ಬ ವಲಸಿಗ. ಇದನ್ನು ಬೆಳೆಸಿ ಏನೋ ದೊಡ್ಡದನ್ನು ಹೇಳಬಹುದು, ನನಗೆ ಅದರಲ್ಲಿ ಆಸಕ್ತಿಯಿಲ್ಲ.

ನಮ್ಮ ಕಡೆಯಿಂದ ಬೆಂಗಳೂರಿಗೆ ಮೊದಲು ಹೋದದ್ದು ನೀರು, ಆಮೇಲೆ ಜನ. ಅರ್ಕಾವತಿ, ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಕಟ್ಟೆ ಮುಗಿದು ಚಾಮರಾಜಸಾಗರ ತುಂಬಿತು. ಅಲ್ಲಿಂದ ನೀರು ಪೈಪಿನಲ್ಲಿ ನಗರಕ್ಕೆ ಹರಿಯಿತು. ಜನ ಹೋದದ್ದು ಬಿನ್ನಿ ಮಿಲ್ಲಿಗೆ, ರಾಜಾಜಿನಗರದ ಕೈಗಾರಿಕೆಗಳಿಗೆ, ಆಮೇಲೆ ಪೀಣ್ಯಕ್ಕೆ, ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳಿಗೆ, ಕಲಾಸಿಪಾಳ್ಯದ ಮಂಡಿಗಳಿಗೆ, ಬಿಟಿಎಸ್ ಬಸ್ಸಿಗೆ. ಮಾಗಡಿಯವರು ಮಾಗಡಿ ರಸ್ತೆಯ ಉದ್ದಕ್ಕೂ ಸುಂಕದಕಟ್ಟೆಯವರೆಗೆ, ಕನಕಪುರದವರು ಕೋಣನಕುಂಟೆಯಿಂದ ಬನಶಂಕರಿಯವರೆಗೆ, ಚನ್ನಪಟ್ಟಣ ರಾಮನಗರದವರು ಕೆಂಗೇರಿ ಹಿಡಿದು ನಾಯಂಡಹಳ್ಳಿಯವರೆಗೆ ಬಾಡಿಗೆ ಮನೆ ಹಿಡಿದರು. ಊರಿನ ರಸ್ತೆ ನಗರದಲ್ಲಿ ಎಲ್ಲಿ ಮುಗಿಯುತ್ತದೋ ಅಲ್ಲೇ ಬಿಡಾರ. ಅದು ಓಡಿಸಿಕೊಂಡು ಹೋದ ವಲಸೆಯಲ್ಲ. ಎರಡು ಎಕರೆ ಹೊಲ, ನಾಲ್ಕು ಜನ ಅಣ್ಣತಮ್ಮಂದಿರು, ಮಳೆ ನಂಬಿದ ರಾಗಿ. ಲೆಕ್ಕ ಬಲ್ಲವರು ಹೊರಟರು. ಶನಿವಾರ ಸಂಜೆ ವಾಪಸ್ಸು ಬರಬಹುದಾದ ದೂರ. ಇಂಥವರನ್ನು ನಿರಾಶ್ರಿತರ ಜೊತೆ ಸೇರಿಸಿ ಮಾತಾಡುವುದು ನಿರಾಶ್ರಿತರಿಗೆ ಮಾಡುವ ಅಪಚಾರ.

ಹೋದವರು ಮೊದಲ ಕೆಲವು ವರ್ಷ ನಾಟಕಕ್ಕೆ ನೋಡುವವರಾಗಿ ಬಂದರು, ಆಮೇಲೆ ಪಾತ್ರಧಾರಿಗಳಾಗಿ ಬಂದರು, ಕೊನೆಗೆ ಪಾತ್ರಗಳನ್ನೆಲ್ಲ ಕೊಂಡುಕೊಂಡರು. ಕೊಂಡರು ಎನ್ನುವುದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಹಳೆ ಮೈಸೂರಿನ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡುವವನಿಗೆ ಯಾರೂ ದುಡ್ಡು ಕೊಡುವುದಿಲ್ಲ, ಅವನೇ ಕೊಡಬೇಕು. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಬಾಗಿಲು ಕಾಯುವ ಸೇವಕನಿಗೂ ಒಂದಿಷ್ಟು ಎಂದು ದೇವಸ್ಥಾನದ ಮುಂದೆ ಕೂತು ಪಟ್ಟಿ ಬರೆಯುತ್ತಾರೆ. ಮೇಷ್ಟ್ರ ಸಂಭಾವನೆ, ಸೀನ್ಸಿನ ಬಾಡಿಗೆ, ಮೈಕ್‌ಸೆಟ್ಟು, ಹೊರಗಿನಿಂದ ಬರುವ ಕಲಾವಿದೆಯರಿಗೆ ಕೊಡುವುದು ಎಲ್ಲ ಅದರಲ್ಲೇ ಆಗಬೇಕು. ನಮ್ಮೂರಲ್ಲಿ ಎಪ್ಪತ್ತರ ದಶಕದ ಕೊನೆಗೆ ದುರ್ಯೋಧನ ಎರಡು ಮೂಟೆ ರಾಗಿಯ ಬೆಲೆಗೆ ಸಿಗುತ್ತಿದ್ದ. ಕಳೆದ ಸಲ ಅವನಿಗೆ 50,000 ರೂಪಾಯಿ ಬಿದ್ದಿತು. ಅಷ್ಟು ಕೊಡಬಲ್ಲವನು ಊರಲ್ಲಿ ಹಸು ಕಟ್ಟಿ ಡೇರಿಗೆ ಹಾಲು ಹಾಕುವವನಲ್ಲ. ಗ್ರಾನೈಟ್ ಅಂಗಡಿ ಇಟ್ಟವನು, ವಾಟರ್ ಟ್ಯಾಂಕರ್ ಓಡಿಸುವವನು, ಸೈಟ್ ವ್ಯವಹಾರದವನು.

ತಾಲೀಮು ಕೂಡ ನಗರಕ್ಕೆ ಹೋಯಿತು. ಈಗ ಅದು ನಡೆಯುವುದು ಸುಂಕದಕಟ್ಟೆಯ ಒಂದು ತಗಡಿನ ಶೆಡ್ಡಿನಲ್ಲಿ, ಭಾನುವಾರ. ಮೇಷ್ಟ್ರು ಹಾಡುಗಳನ್ನು ಮೊಬೈಲಿನಲ್ಲಿ ಕಳಿಸುತ್ತಾರೆ. ಅರ್ಜುನ ಓಲಾ ಕಾರಿನಲ್ಲಿ ಪ್ಯಾಸೆಂಜರ್ ಇಲ್ಲದ ಹೊತ್ತು ಹಾಕಿಕೊಂಡು ಕಲಿಯುತ್ತಾನೆ. ಊರಲ್ಲಿ ಎರಡೇ ಎರಡು ಸಲ, ನಾಟಕದ ಹಿಂದಿನ ವಾರ, ಹೆಸರಿಗೆ ತಾಲೀಮು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕದ ಬ್ಯಾನರು ಕಂಡರೆ, ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಕಲಾ ಸಂಘದ ಹೆಸರು ಓದಿ. ಮಂಡ್ಯ, ತುಮಕೂರು, ನಮ್ಮ ಕಡೆಯ ಯಾವುದೋ ಊರಿನ ದೇವರ ಹೆಸರು ಇರುತ್ತದೆ. ಊರುಬಿಟ್ಟವರು ಸೇರಿದ ಕಡೆ ಮೊದಲು ನಾಟಕ ಕಟ್ಟಿಕೊಳ್ಳುವುದು ನಮ್ಮದಷ್ಟೇ ಚಾಳಿಯಲ್ಲ. ಟಿಬೆಟಿನಿಂದ ದಲೈ ಲಾಮಾ ಹೊರಬಿದ್ದ 1959ರಲ್ಲೇ, ಕೆಲವೇ ತಿಂಗಳಲ್ಲಿ, ಟಿಬೆಟಿಗರ ಹಾಡು ಮೇಳಗಳನ್ನು ಕಾಪಿಡುವ ಸಂಸ್ಥೆ ಶುರುವಾಯಿತು. ಆಮೇಲೆ ಧರ್ಮಶಾಲೆಗೆ ಹೋಯಿತು. ಬೈಲಕುಪ್ಪೆಯಲ್ಲಿ ಅವರಿಗೆ ಕಾಡು ಕಡಿದು ಊರು ಮಾಡಿಕೊಡಲು ಶುರು ಮಾಡಿದ್ದು 1959ರ ಮರುವರ್ಷ. ಅವರಿಗೆ ಮರಳಿ ಹೋಗಲು ಊರಿರಲಿಲ್ಲ, ನಾಟಕವನ್ನಾದರೂ ಹೊತ್ತುಕೊಂಡರು. ನಮ್ಮವರಿಗೆ ಊರು ಐವತ್ತು ಕಿಲೋಮೀಟರಿನೊಳಗೇ ಇತ್ತು. ನಾಟಕ ಬೇಕಾದದ್ದು ಬೇರೆ ಕಾರಣಕ್ಕೆ.

ಕಾರಣ ನೆಲ. ಕುರುಕ್ಷೇತ್ರದಲ್ಲಿ ಸಂಧಾನದ ಸೀನು ಬಂದಾಗ ಜನ ಬೀಡಿ ಆರಿಸಿ ನೆಟ್ಟಗೆ ಕೂರುತ್ತಾರೆ. ಅರ್ಧ ರಾಜ್ಯ ಬೇಡ, ಐದು ಹಳ್ಳಿ ಕೊಡು ಎನ್ನುತ್ತಾನೆ ಕೃಷ್ಣ. ಸೂಜಿಮೊನೆ ಊರುವಷ್ಟು ಜಾಗವೂ ಇಲ್ಲ ಎನ್ನುತ್ತಾನೆ ದುರ್ಯೋಧನ. ನಾನು ಸಣ್ಣವನಿದ್ದಾಗ ಆ ಮಾತಿಗೆ ಜನ ಹಲ್ಲು ಕಡಿಯುತ್ತಿದ್ದರು. ಈಗ ಚಪ್ಪಾಳೆ, ಶಿಳ್ಳೆ, ಒನ್ಸ್‌ಮೋರ್, ಹಾರ, ಬೆರಳಿಗೆ ಉಂಗುರ. ಚಪ್ಪಾಳೆ ತಟ್ಟುವ ಸಾಲಿನಲ್ಲಿ ಒಂದೇ ಜಮೀನಿನ ಭಾಗದ ದಾವೆಯಲ್ಲಿ ಎದುರುಬದುರು ನಿಂತ ಅಣ್ಣತಮ್ಮಂದಿರನ್ನು ನಾನೇ ಲೆಕ್ಕ ಹಾಕಬಲ್ಲೆ. ಬೆಂಗಳೂರು ನಮ್ಮ ಕಡೆ ತಿರುಗಿ ನೋಡಿದ ಮೇಲೆ, 1999ರಲ್ಲಿ ಬಿಡದಿಯಲ್ಲಿ ಟೊಯೊಟಾ ಕಾರು ತಯಾರಾಗಲು ಶುರುವಾದ ಮೇಲೆ, ರಾಗಿಗೂ ಆಗದ ಕಲ್ಲುಭೂಮಿಗೆ ಎಕರೆ ಲೆಕ್ಕ ಹೋಗಿ ಚದರಡಿ ಲೆಕ್ಕ ಬಂತು. ಬಿಟ್ಟುಹೋದವನು ಊರಿನವನಾಗಿ ಉಳಿದಿದ್ದಾನೆ ಎನ್ನುವುದಕ್ಕೆ ಪಹಣಿ ಒಂದು ದಾಖಲೆ, ಫ್ಲೆಕ್ಸಿನಲ್ಲಿ ಕಿರೀಟ ಇಟ್ಟ ಫೋಟೊ ಇನ್ನೊಂದು. ನಮ್ಮ ಚಿಕ್ಕಪ್ಪ ಕೊನೆಯ ಸಲ ಬಣ್ಣ ಹಚ್ಚಿದ ವರ್ಷ ಊರಲ್ಲಿ ಅವನ ಪಾಲಿನ ಹೊಲವನ್ನು ನಮ್ಮಪ್ಪ ಉಳುತ್ತಿದ್ದ. ಆ ರಾತ್ರಿ ಸಂಧಾನದ ಸೀನಿನಲ್ಲಿ ಚಿಕ್ಕಪ್ಪ ಯಾರ ಕಡೆ ನೋಡಿ ಆ ಮಾತು ಹೇಳಿದ ಎಂಬುದು ನಮ್ಮ ಮನೆಯಲ್ಲಿ ಎಷ್ಟೋ ದಿನ ಚರ್ಚೆಯಾಯಿತು. ಇಬ್ಬರೂ ಈಗಿಲ್ಲ. ದಾವೆ ಇದೆ.

ಊರು ಬಿಟ್ಟವರ ಪಾಡನ್ನು ನೇರವಾಗಿ ಹೇಳುವ ನಾಟಕ ನಮ್ಮಲ್ಲಿ ಇಲ್ಲವೆಂದಲ್ಲ. ಸತ್ಯ ಹರಿಶ್ಚಂದ್ರ ಇದೆ: ರಾಜ್ಯ ಬಿಟ್ಟು ಕಾಶಿಗೆ ಹೋಗಿ, ಹೆಂಡತಿ ಮಗನನ್ನು ಮಾರಿ, ತನ್ನನ್ನೂ ಮಾರಿಕೊಂಡು ಸ್ಮಶಾನ ಕಾಯುವವನ ಕತೆ. ಶನಿಪ್ರಭಾವ ಇದೆ: ಸಿಂಹಾಸನ ಕಳೆದುಕೊಂಡ ವಿಕ್ರಮ ಕೈಕಾಲು ಕಡಿಸಿಕೊಂಡು ಗಾಣಿಗರ ಮನೆಯಲ್ಲಿ ಗಾಣ ಹೊಡೆಯುತ್ತಾನೆ. ಹೊಸ ಊರಲ್ಲಿ ಹೆಸರು ಹೇಳಲಾಗದೆ, ಹಿಂದೆ ಏನಾಗಿದ್ದೆ ಎಂಬುದನ್ನು ನುಂಗಿಕೊಂಡು ಕೂಲಿ ಮಾಡುವುದು ಹೇಗಿರುತ್ತದೆ ಎಂಬುದನ್ನು ಇವುಗಳಿಗಿಂತ ಚೆನ್ನಾಗಿ ಹೇಳಿದ ನಾಟಕವನ್ನು ನಾನು ಹಳ್ಳಿಯಲ್ಲಿ ಕಂಡಿಲ್ಲ.

ನಮ್ಮೂರಲ್ಲಿ ಹರಿಶ್ಚಂದ್ರ ಆಡಿದಾಗ ಸ್ಮಶಾನದ ಒಡೆಯ ವೀರಬಾಹುವಿನ ಪಾತ್ರ ಪಟೇಲರ ಮನೆಯವರಿಗೆ ಹೋಗುತ್ತಿತ್ತು. ಅದರಲ್ಲಿ ಕುಡಿದು ಕುಣಿಯುವ ಹಾಡಿದೆ, ಜನ ಮೆಚ್ಚುತ್ತಾರೆ, ಅದಕ್ಕೆ ಬೇಡಿಕೆ. ನಿಜವಾಗಿ ಊರಿನ ಹೆಣಗಳಿಗೆ ಗುಂಡಿ ತೋಡುತ್ತಿದ್ದವರು ದಲಿತರ ಕೇರಿಯವರು. ಅವರು ರಂಗದ ಬಲಗಡೆ, ಹಗ್ಗ ಕಟ್ಟಿದ್ದರ ಆಚೆ ಕೂತು, ಪಟೇಲರ ಮಗ ತಮ್ಮ ಕಸುಬನ್ನು ಅಭಿನಯಿಸುವುದನ್ನು ನೋಡುತ್ತಿದ್ದರು. ಪಾತ್ರ ಹಂಚುವ ದಿನ ಅವರನ್ನು ಯಾರೂ ಕರೆದದ್ದಿಲ್ಲ, ದುಡ್ಡು ಕೊಡುತ್ತೇವೆಂದರೂ. ಒಂದೆರಡು ವರ್ಷ ಅವರೇ ಬೇರೆ ಚಂದಾ ಎತ್ತಿ ಕೇರಿಯಲ್ಲಿ ಹರಿಶ್ಚಂದ್ರ ಆಡಿದರು. ಅದೇ ಮೇಷ್ಟ್ರು ಹೋಗಿ ಹೇಳಿಕೊಟ್ಟರು. ಊಟಕ್ಕೆ ಮಾತ್ರ ನಮ್ಮ ಕಡೆಯ ಮನೆಗಳಿಗೆ ವಾಪಸ್ಸು ಬರುತ್ತಿದ್ದರು. ಕೇರಿಯ ಹುಡುಗರೂ ಬೆಂಗಳೂರಿಗೆ ಹೋದರು, ಬಹುಶಃ ನಮಗಿಂತ ಮೊದಲೇ. ಅವರಲ್ಲಿ ಯಾರೂ ಪಾತ್ರ ಕೊಳ್ಳಲು ಮರಳಿ ಬಂದದ್ದು ನಾನು ಕಾಣೆ. ಬಿಟ್ಟು ಹೋದ ಊರು ನಮಗೆ ಆಸ್ತಿ, ಅವರಿಗೆ ಪೀಡೆ. ಒಂದೇ ಲಾರಿಯಲ್ಲಿ ಹೋದರೂ ಅದು ಒಂದೇ ಪ್ರಯಾಣವಲ್ಲ.

ಈಗ ಹರಿಶ್ಚಂದ್ರ ಆಡುವುದು ಅಪರೂಪ. ಕಾರಣ ಕೇಳಿದರೆ, ಜನಕ್ಕೆ ಅಳುವ ನಾಟಕ ಬೇಡವಾಗಿದೆ ಎನ್ನುತ್ತಾರೆ. ನಮ್ಮ ಸಂಘದ ಲೆಕ್ಕ ನೋಡಿಕೊಳ್ಳುವ ಹುಡುಗ ಇನ್ನೊಂದು ಕಾರಣ ಹೇಳಿದ: "ಅಣ್ಣ, ಹರಿಶ್ಚಂದ್ರದಲ್ಲಿ ದೊಡ್ಡ ಪಾತ್ರ ಎಷ್ಟವೆ? ಹರಿಶ್ಚಂದ್ರ, ವಿಶ್ವಾಮಿತ್ರ, ನಕ್ಷತ್ರಿಕ, ವೀರಬಾಹು. ಚಂದ್ರಮತಿಗೆ ನಾವೇ ದುಡ್ಡು ಕೊಡ್ಬೇಕು. ಖರ್ಚು ಯಾರ ಮೇಲೆ ಹಾಕದು? ಕುರುಕ್ಷೇತ್ರ ಆದ್ರೆ ಇಪ್ಪತ್ತು ಜನ ಸಿಗ್ತಾರೆ ಕಣಣ್ಣ." ನೆಲದ ಬಗ್ಗೆ ನಾನು ಮೇಲೆ ಹೇಳಿದ್ದೆಲ್ಲವೂ ನಿಜವಿರಬಹುದು, ಇವನ ಲೆಕ್ಕ ಅದಕ್ಕಿಂತ ನೇರ. ಹೆಚ್ಚು ಕಿರೀಟ ಇರುವ ನಾಟಕ ಉಳಿಯುತ್ತದೆ.

ಬೆಂಗಳೂರಿಗೆ ಹೋದ ಮೇಲೆ ನಾನು ಬೇರೆ ಥರದ ನಾಟಕಗಳನ್ನೂ ನೋಡಿದೆ. ಕಲಾಕ್ಷೇತ್ರದಲ್ಲಿ ಸಿ.ಆರ್. ಸಿಂಹ ಅವರ ತುಘಲಕ್. ಸಿ ಎಂದರೆ ಚನ್ನಪಟ್ಟಣ ಎಂದು ಪಕ್ಕದವನಿಗೆ ಹೇಳಿ ಬೀಗಿದ್ದುಂಟು. 1972ರಲ್ಲಿ ನಟರಂಗ ಕಟ್ಟಿದ ಸಿಂಹ ತುಘಲಕ್‌ನಲ್ಲಿ ಎಷ್ಟು ಎದ್ದು ಕಾಣುತ್ತಿದ್ದರೆಂದರೆ, ಗಿರೀಶ ಕಾರ್ನಾಡರು 1964ರಲ್ಲಿ ಬರೆದ ಆ ನಾಟಕ ಒಬ್ಬ ಬುದ್ಧಿವಂತ ದೊರೆಯ ದುರಂತ ಎಂದೇ ಎಲ್ಲರೂ ಮಾತಾಡಿಕೊಂಡು ಮನೆಗೆ ಹೋಗುತ್ತಿದ್ದೆವು. ನನ್ನ ತಲೆಯಲ್ಲಿ ಉಳಿದದ್ದು ದೊರೆಯಲ್ಲ, ದಿಲ್ಲಿಯಿಂದ ದೌಲತಾಬಾದಿಗೆ ಹೋಗುವ ದಾರಿಯ ಒಂದು ಸೀನು. ಬ್ರಾಹ್ಮಣನ ವೇಷದಲ್ಲಿ ಅಧಿಕಾರಿಯಾಗಿ ಕೂತ ಅಗಸರ ಅಜೀಜ್. ಸಾಯುತ್ತಿರುವ ಮಗುವನ್ನು ಎತ್ತಿಕೊಂಡು ವೈದ್ಯರ ಹತ್ತಿರ ಹೋಗಲು ಬಿಡು ಎಂದು ಬೇಡುವ ಹೆಂಗಸು. ದುಡ್ಡು ಕೊಡದೆ ಅವನು ಬಿಡುವುದಿಲ್ಲ. ಇಡೀ ನಗರವನ್ನು ಗಂಟುಮೂಟೆ ಕಟ್ಟಿಸಿ ಹೊರಡಿಸುವ ಆಜ್ಞೆ ರಾಜನದು. ದಾರಿಯಲ್ಲಿ ಒಂದೊಂದು ಹೆಣಕ್ಕೂ ದರ ಕಟ್ಟುವವನು ಈ ಸಣ್ಣ ಅಧಿಕಾರಿ. ವಲಸೆಯ ಬಗ್ಗೆ ಕನ್ನಡದಲ್ಲಿ ಅಷ್ಟು ಕಟುವಾಗಿ ಬರೆದದ್ದು ಇನ್ನೊಂದು ನನಗೆ ತಿಳಿದಿಲ್ಲ.

ಅದೇ ನಾಟಕವನ್ನು ಬಿ.ವಿ. ಕಾರಂತರ ಅನುವಾದದಲ್ಲಿ ಇಬ್ರಾಹಿಂ ಅಲ್ಕಾಜಿ ಎಪ್ಪತ್ತರ ದಶಕದಲ್ಲಿ ದಿಲ್ಲಿಯ ಪುರಾನಾ ಕಿಲಾದಲ್ಲಿ ಆಡಿಸಿದರು. ಕೋಟೆಯ ಕಲ್ಲು, ಮೆಟ್ಟಿಲು, ರಾತ್ರಿ ಎಂದು ಆ ಪ್ರಯೋಗದ ವೈಭವವನ್ನು ಈಗಲೂ ಹೇಳುತ್ತಾರೆ. 1947ರಲ್ಲಿ ಅದೇ ಗೋಡೆಗಳ ಒಳಗೆ ಪಾಕಿಸ್ತಾನಕ್ಕೆ ಹೋಗುವ ರೈಲಿಗೆ ಕಾಯು‌ತ್ತ ಸಾವಿರಾರು ಮುಸ್ಲಿಂ ನಿರಾಶ್ರಿತರು ಡೇರೆಗಳಲ್ಲಿ ಇದ್ದರು. ದಿಲ್ಲಿ ಖಾಲಿ ಮಾಡಿಸುವ ನಾಟಕಕ್ಕೆ ಇದಕ್ಕಿಂತ ತಕ್ಕ ಜಾಗ ಎಲ್ಲಿ ಸಿಗಬೇಕು. ಸಿಂಹ ಮಾಸ್ತಿಯವರ ಕಾಕನಕೋಟೆಯನ್ನೂ ಆಡಿಸಿದರು, 1977ರಲ್ಲಿ ಸಿನಿಮಾ ಕೂಡ ಮಾಡಿದರು. ಕಾಡುಕುರುಬರ ಕತೆ ಅದು. ಜನ ಹಾಡುಗಳನ್ನು ಮೆಚ್ಚಿ ಕೇಳುತ್ತಿದ್ದ ಆ ವರ್ಷಗಳಲ್ಲೇ ಕಬಿನಿ ಅಣೆಕಟ್ಟಿನ ನೀರು ಕಾಕನಕೋಟೆ ಕಾಡಿನ ಬಹುಭಾಗವನ್ನು ನುಂಗಿಯಾಗಿತ್ತು. ಇದನ್ನು ಆಗ ಯಾರೂ ಆಡಿದ್ದು ನಾನು ಕೇಳಲಿಲ್ಲ. ನಾನೂ ಆಡಲಿಲ್ಲ.

ನಗರದ ರಂಗಭೂಮಿ ನಮ್ಮಂಥವರ ವಲಸೆಯನ್ನು ಮುಟ್ಟಿ ನೋಡಿದ್ದು ತೀರ ಈಚೆಗೆ. ಅದೂ ನಮ್ಮ ಬೀದಿಯವರಿಂದಲ್ಲ. ಜಂಗಮ ಕಲೆಕ್ಟಿವ್ ತಂಡಕ್ಕೆ ಕೆ.ಪಿ. ಲಕ್ಷ್ಮಣ್ ಮಾಡಿಸಿದ 'ಬಾಬ್ ಮಾರ್ಲಿ ಫ್ರಮ್ ಕೋಡಿಹಳ್ಳಿ'ಯಲ್ಲಿ ನಗರದಲ್ಲಿ ಬದುಕುವ ದಲಿತ ಯುವಕರು ಹೆಸರು, ಜಾತಿ, ಊಟ ಎಲ್ಲವನ್ನೂ ಬಚ್ಚಿಟ್ಟುಕೊಂಡು ಓಡಾಡುವುದನ್ನು ತೋರಿಸುತ್ತಾರೆ. ಕನಕಪುರ ತಾಲ್ಲೂಕಿನಲ್ಲೂ ಒಂದು ಕೋಡಿಹಳ್ಳಿ ಇದೆ; ನಾಟಕಕ್ಕೆ ಅದೇ ಊರಾಗಬೇಕಿಲ್ಲ, ಯಾವ ಹಳ್ಳಿಯಾದರೂ ಸಾಕು. ಅದನ್ನು ನೋಡುವಾಗ ನಮ್ಮೂರಿನ ಹಗ್ಗದ ಆಚೆ ಕೂರುತ್ತಿದ್ದವರ ಮೊಮ್ಮಕ್ಕಳು ರಂಗಕ್ಕೆ ಬಂದು, ಹಗ್ಗದ ಈಚೆಯವರಾದ ನಮ್ಮನ್ನು ಕತ್ತಲಲ್ಲಿ ಕೂರಿಸಿದ್ದಾರೆ ಎನ್ನಿಸಿತು. ಕೂತ ನಮ್ಮಲ್ಲಿ ಅನೇಕರು ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ಅಗ್ಗದ್ದು. ಇವರ ನಾಟಕವನ್ನು ನಮ್ಮೂರ ದೇವಸ್ಥಾನದ ಮುಂದೆ ಆಡಿಸೋಣ ಎಂದು ಸಂಘದಲ್ಲಿ ಪ್ರಸ್ತಾಪ ಮಾಡುವುದಕ್ಕೆ ಇನ್ನೂ ಯಾರೂ ಬಾಯಿ ತೆರೆದಿಲ್ಲ.

ಊರನ್ನೇ ಹೊಂದಿರದೆ ನಾಟಕವನ್ನೇ ಊರು ಮಾಡಿಕೊಂಡವರ ಬಗ್ಗೆ ಎರಡು ಮಾತು. ಎಂಬತ್ತರ ನಡುವಿನಿಂದ ನಮ್ಮಲ್ಲಿ ಗಂಡಸರ ದ್ರೌಪದಿ ನಿಂತು, ಬಾಡಿಗೆ ವ್ಯಾನಿನಲ್ಲಿ ಕಲಾವಿದೆಯರು ಬರಲು ಶುರು ಮಾಡಿದರು. ವಾರಕ್ಕೆ ಮೂರು ಊರಿನಲ್ಲಿ ಮೂರು ಬೇರೆ ದುಶ್ಶಾಸನರಿಂದ ಸೀರೆ ಎಳೆಸಿಕೊಂಡು, ಮೂರೂ ಕಡೆ ತಪ್ಪು ತಾಳಕ್ಕೆ ಹೊಂದಿಸಿಕೊಂಡು ಹಾಡಿ ಹೋಗುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರಿಗೆ ನಮ್ಮ ಮನೆಯಲ್ಲಿ ಊಟ. ನಿಮ್ಮದು ಯಾವ ಊರವ್ವ ಎಂದು ನಮ್ಮಮ್ಮ ಕೇಳಿದಳು. "ಕಂಪನಿ ಕ್ಯಾಂಪು ಎಲ್ಲಿತ್ತೋ ಅಲ್ಲಿ ಹುಟ್ಟಿದೆ ತಾಯಿ, ಅವ್ವ ಊರು ಮರ್ತಿದ್ಲು, ನಾಟಕ ಯಾವುದಂತ ನೆನಪಿತ್ತು" ಎಂದರು ಅವರು. ಊಟ ಮುಗಿಸಿ, ಉಳಿದ ದುಡ್ಡನ್ನು ಸಂಘದವರಿಂದ ಬಣ್ಣ ಹಚ್ಚುವ ಮೊದಲೇ ಎಣಿಸಿ ಇಸಿದುಕೊಂಡರು. ಬುದ್ಧಿವಂತರು.

ರಾಮನಗರದ ಜಾನಪದ ಲೋಕದಲ್ಲಿ ತೊಗಲುಗೊಂಬೆಗಳಿವೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ಆ ಜಾಗವನ್ನು ತೆರೆಯದಿದ್ದರೆ ಎಷ್ಟೋ ಸರಕು ಒಲೆಗೆ ಹೋಗುತ್ತಿತ್ತು. ಆ ಗೊಂಬೆಗಳನ್ನು ಆಡಿಸುತ್ತಿದ್ದ ಕಿಳ್ಳೇಕ್ಯಾತರು ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನು ಆಡುತ್ತ, ಪರದೆಯ ಹಿಂದೆ ಕನ್ನಡದಲ್ಲಿ ರಾಮಾಯಣ ಹೇಳುತ್ತ ಊರಿಂದೂರಿಗೆ ಹೋದವರು. ಊರಿಗೆ ಮಳೆ ಬೇಕಾದಾಗ ಕರೆಯುತ್ತಿದ್ದರು, ಮಳೆ ಬಂದ ಮೇಲೆ ಹೊರಡಿ ಎನ್ನುತ್ತಿದ್ದರು. 2021ರಲ್ಲಿ ಅಮಲ್ ಎಂಬ ಸಿರಿಯಾದ ನಿರಾಶ್ರಿತ ಹುಡುಗಿಯ ಗೊಂಬೆಯನ್ನು, ಮೂರೂವರೆ ಮೀಟರ್ ಎತ್ತರದ್ದು, ಟರ್ಕಿಯಿಂದ ಇಂಗ್ಲೆಂಡಿನವರೆಗೆ ನಡೆಸಿದಾಗ ಪೇಟೆ ಪೇಟೆಯಲ್ಲಿ ಜನ ಸೇರಿ ಸ್ವಾಗತಿಸಿದ್ದನ್ನು ಮೊಬೈಲಿನಲ್ಲಿ ನೋಡಿದೆ. ಗೊಂಬೆಯನ್ನು ಬರಮಾಡಿಕೊಳ್ಳುವುದು ಎಲ್ಲ ದೇಶದಲ್ಲೂ ಸುಲಭವೇ.

2020ರ ಮಾರ್ಚಿನಲ್ಲಿ ನಮ್ಮ ಕುರುಕ್ಷೇತ್ರಕ್ಕೆ ಫ್ಲೆಕ್ಸು ಕಟ್ಟಿಯಾಗಿತ್ತು. ಲಾಕ್‌ಡೌನು ಬಂತು. ಬಿಟ್ಟುಹೋದವರೆಲ್ಲ ಕಾರು ಬೈಕುಗಳಲ್ಲಿ ಊರು ತುಂಬಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಎಲ್ಲ ಪಾತ್ರಧಾರಿಗಳೂ ಒಂದೇ ಊರಲ್ಲಿ, ನಾಟಕ ಮಾತ್ರ ಇಲ್ಲ. ಅದೇ ವಾರಗಳಲ್ಲಿ ನಮ್ಮೂರ ಹತ್ತಿರದ ಕ್ರಷರಿನಲ್ಲಿದ್ದ ಬಿಹಾರದ, ಒಡಿಶಾದ ಹುಡುಗರು ನಡೆದು ಹೊರಟರು. ಅವರಿಗೆ ಅಕ್ಕಿ ಕೊಟ್ಟವರೂ ಇದ್ದರು, ಬಾವಿಯ ಹತ್ತಿರ ಬರಬೇಡಿ ಎಂದವರೂ ಇದ್ದರು, ಎರಡನ್ನೂ ಮಾಡಿದವರೂ ಇದ್ದರು.

ಅವರಲ್ಲಿ ಕೆಲವರು, ಅಥವಾ ಅವರಂಥವರು, ತಿರುಗಿ ಬಂದರು. ಈಗ ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಲ್ಲಿ, ಕೋಳಿ ಫಾರಮ್ಮುಗಳಲ್ಲಿ, 2023ರಲ್ಲಿ ತೆರೆದ ಮೈಸೂರು ಎಕ್ಸ್‌ಪ್ರೆಸ್‌ವೇ ಪಕ್ಕದ ಲೇಔಟುಗಳಲ್ಲಿ ಕೆಲಸ ಮಾಡುವವರು ಅವರೇ. ನಮ್ಮವರು ಖಾಲಿ ಮಾಡಿದ ಮನೆಗಳಲ್ಲಿ ಬಾಡಿಗೆಗೆ ಇದ್ದಾರೆ. ಕಳೆದ ಸಲದ ನಾಟಕದ ರಾತ್ರಿ ಜನರೇಟರಿನ ಪಕ್ಕ ಹತ್ತು ಹದಿನೈದು ಮಂದಿ ನಿಂತಿದ್ದರು. ಕನ್ನಡ ಗೊತ್ತಿಲ್ಲ, ಕತೆ ಗೊತ್ತು. ಅಭಿಮನ್ಯು ಚಕ್ರವ್ಯೂಹಕ್ಕೆ ಹೊರಟಾಗ ಒಬ್ಬ ಮನೆಗೆ ವಿಡಿಯೊ ಕಾಲ್ ಮಾಡಿ ರಂಗವನ್ನು ತೋರಿಸುತ್ತ ಯಾರ್ಯಾರು ಯಾರು ಎಂದು ಹೇಳುತ್ತಿದ್ದ. ಶಕುನಿಯನ್ನು ಕಂಡು ಆ ಕಡೆಯ ಹೆಂಗಸು ಜೋರಾಗಿ ಬೈದದ್ದು ನನಗೂ ಕೇಳಿಸಿತು. ನಮ್ಮೂರಿನ ಮುಂದಿನ ಸಾಲಿನವರು ಆ ಹೊತ್ತಿಗೆ ನಿದ್ದೆಯಲ್ಲಿದ್ದರು. ಪಾತ್ರ ಹಂಚುವ ಪಟ್ಟಿಗೆ ಈ ಹೊರಗಿನ ಹುಡುಗರ ಹೆಸರು ಬರುವ ಮಾತೇ ಇಲ್ಲ. ಸೀನ್ಸಿನ ಕಂಬ ನೆಡಲು ಮಾತ್ರ ಅವರನ್ನು ಕರೆದಿದ್ದರು, ದಿನಗೂಲಿಗೆ.

ಊರು ಬಿಟ್ಟು ಕದಲದವರೂ ಈ ಸೀಮೆಯಲ್ಲಿ ಸಾಕಷ್ಟು ಊರು ದಾಟಿದ್ದಾರೆ ಎನ್ನಬೇಕು. ನಾನು ಹುಟ್ಟಿದ್ದು ಬೆಂಗಳೂರು ಜಿಲ್ಲೆಯಲ್ಲಿ. 1986ರಲ್ಲಿ ಅದು ಬೆಂಗಳೂರು ಗ್ರಾಮಾಂತರವಾಯಿತು, 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ತೀರ್ಮಾನವಾಯಿತು. ಕೂತಲ್ಲೇ ಕೂತವನ ವಿಳಾಸ ನಾಲ್ಕು. ಹಾಗೆ ನೋಡಿದರೆ ಮಾಗಡಿಯೇ ಜಾಗ ಕಳೆದುಕೊಂಡವರು ಬಂದು ನೆಲೆಸಿದ ಊರು. 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಬೆಂಗಳೂರನ್ನು ಬಿಟ್ಟುಕೊಟ್ಟು ಕೆಂಪೇಗೌಡರ ವಂಶ ಮಾಗಡಿಗೆ ಬಂತು. ನಾನು ನೋಡಿದ ಕೆಂಪೇಗೌಡ ನಾಟಕಗಳಲ್ಲಿ ಇದು ಬರುವುದಿಲ್ಲ. ಅವುಗಳಲ್ಲಿ ಕೋಟೆ ಕಟ್ಟುತ್ತಾರೆ, ಬಾಗಿಲು ನಿಲ್ಲುವುದಿಲ್ಲ, ಸೊಸೆ ಲಕ್ಷ್ಮೀದೇವಿ ಬಲಿಯಾಗುತ್ತಾಳೆ, ಪರದೆ ಬೀಳುತ್ತದೆ.

ನಮ್ಮೂರ ಸರ್ಕಾರಿ ಶಾಲೆಯ ವಾರ್ಷಿಕೋತ್ಸವದಲ್ಲೂ ಅದೇ ನಾಟಕ ಆಡಿಸಿದರು. ಕೆಂಪೇಗೌಡನ ಪಾತ್ರ ಕೋಳಿ ಫಾರಮ್ಮಿನಲ್ಲಿ ಕೆಲಸ ಮಾಡುವ ಒಡಿಶಾದ ದಂಪತಿಯ ಮಗನದು, ಐದನೇ ಕ್ಲಾಸು. ರಟ್ಟಿನ ಕಿರೀಟ, ಕಾಡಿಗೆಯ ಮೀಸೆ. 'ಳ'ಕಾರ ನಮ್ಮ ಮಕ್ಕಳಿಗಿಂತ ಸ್ಪಷ್ಟ. ಹೊರಗಿನವನಿಗೆ ಕೆಂಪೇಗೌಡನ ಪಾತ್ರ ಕೊಟ್ಟಿದ್ದೀರಲ್ಲ ಎಂದು ಪಂಚಾಯಿತಿಯ ಒಬ್ಬರು ಕೇಳಿದ್ದಕ್ಕೆ ಶಾಲೆಯ ಮೇಷ್ಟ್ರು, "ಕ್ಲಾಸಲ್ಲಿ ಇರೋರು ಒಂಬತ್ತು ಜನ ಸಾರ್, ಅದ್ರಲ್ಲಿ ನಾಲ್ಕು ಜನ ಹೊರಗಿನೋರು. ಮಾತು ಬಾಯಿಪಾಠ ಬಂದಿದ್ದು ಇವನೊಬ್ಬನಿಗೆ" ಎಂದರಂತೆ. ನಮ್ಮ ಮಕ್ಕಳು ಬೆಳಿಗ್ಗೆ ಏಳಕ್ಕೇ ಹಳದಿ ವ್ಯಾನು ಹತ್ತಿ ಮಾಗಡಿಯ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ, ಅವರ ಮಾತು ಬೇರೆ.

ಬೇಸಿಗೆಯಲ್ಲಿ ಆ ಫಾರಮ್ಮಿನ ಬ್ಯಾಚು ಮುಗಿದು, ದಂಪತಿ ಹೊಸಕೋಟೆ ಕಡೆಗೆ ಹೋದರು. ಜೂನಿನಲ್ಲಿ ನಾನು ಶಾಲೆಗೆ ಹೋದಾಗ ಮೇಷ್ಟ್ರು ಮಕ್ಕಳ ಪಟ್ಟಿ ಹಿಡಿದುಕೊಂಡು ಕ್ರಷರಿನ ಶೆಡ್ಡುಗಳ ಕಡೆ ಹೊರಟಿದ್ದರು. ಇನ್ನಿಬ್ಬರು ಮೂವರಾದರೂ ದಾಖಲಾಗದಿದ್ದರೆ ಒಂದು ಹುದ್ದೆ ಬೇರೆ ಶಾಲೆಗೆ ಹೋಗುತ್ತದಂತೆ, ಹೋಗುವುದು ಅವರದೇ. ಎಲ್ಲಿಗೆ ಹಾಕಬಹುದು ಎಂದು ಕೇಳಿದೆ. ಕೌನ್ಸೆಲಿಂಗಿನಲ್ಲಿ ಏನು ಸಿಗುತ್ತದೋ ಅದು ಎಂದರು, ಬೈಕು ಸ್ಟಾರ್ಟ್ ಮಾಡುತ್ತ.